ಅಜ್ಜನ ವಾಡೆ ಪಾರಂಪರಿಕ ಕಟ್ಟಡ ಆಗಬಹುದೇ? ಅರ್ಜಿ ಬರೆಯುವ ಮೊದಲು ಮಾಡಬೇಕಾದ ಕೆಲಸ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಳೆಯ ಮನೆ, ವಾಡೆ (ಮನೆತನದ ದೊಡ್ಡ ಹಳೆಯ ಮನೆ) ಉಳಿಸಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಮ್ಮ ಮನಿ ನೂರು ವರ್ಷದ ಮ್ಯಾಲಿಂದು ಐತ್ರಿ. ಇದನ್ನ ಹೆರಿಟೇಜ್ ಮಾಡಸಾಕ ಬರ್ತೈತೇನ್ರಿ?” ಕೇಳುವ ಹೊತ್ತೂ ಒಂದೇ. ಅಣ್ಣತಮ್ಮಂದಿರ ನಡುವೆ ವಾಟ್ನಿ (ಆಸ್ತಿ ಪಾಲು) ಮಾತು ಎದ್ದಾಗ, ರಸ್ತೆ ಅಗಲೀಕರಣದವರು ಕಟ್ಟೆಯ ಮೇಲೆ ಬಣ್ಣದ ಗೆರೆ ಎಳೆದು ಹೋದಾಗ, ಇಲ್ಲವೇ ಮಳೆಗೆ ಹಿತ್ತಲ ಗೋಡೆ ಕೂತಾಗ.

ನೂರು ವರ್ಷ ಆಗಿದೆ ಎಂಬುದೊಂದೇ ಸಾಲುವುದಿಲ್ಲ. ನಮ್ಮ ಹಳೆಯ ಪೇಟೆಗಳಲ್ಲಿ ಅಷ್ಟು ವಯಸ್ಸಿನ ಮನೆಗಳು ಸಾಲುಸಾಲಾಗಿ ಇವೆ. ನಮ್ಮದು ದೇಸಗತಿ ಮನೆತನ, ಪಾಟೀಲಕಿ ಮನೆತನ ಎಂಬುದೂ ಸಾಲುವುದಿಲ್ಲ. ಮಾನ್ಯತೆ ಕೊಡುವವರು ನೋಡುವುದು ಬೇರೆಯದನ್ನು: ನಾಳೆ ಈ ಮನೆ ಬಿದ್ದರೆ ನಿಮ್ಮ ಮನೆತನದ ಹೊರಗಿನವರಿಗೆ, ಅಂದರೆ ಓಣಿಗೆ, ಊರಿಗೆ, ಜಿಲ್ಲೆಗೆ ಆಗುವ ನಷ್ಟ ಏನು? ಅದಕ್ಕೆ ಸಾಕ್ಷಿ ಸಮೇತ ಉತ್ತರ ಇದ್ದರೆ ಅರ್ಜಿ ಹಾಕಬಹುದು. ಆ ಉತ್ತರವನ್ನು ಹುಡುಕುವ ಕ್ರಮ ಇಲ್ಲಿದೆ.

ಮೊದಲನೆಯದು: ಯಾವ ಮಾನ್ಯತೆಯ ಮಾತು ಇದು?

ಜನ ‘ಹೆರಿಟೇಜ್’ ಎಂಬ ಒಂದೇ ಶಬ್ದದಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಕಲಸಿಬಿಡುತ್ತಾರೆ. ಮೇಲಿನದು ಕೇಂದ್ರದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುವ ಗೋಳಗುಮ್ಮಟ, ಇಬ್ರಾಹಿಂ ರೋಜಾ ಮುಂತಾದವು ಇದಕ್ಕೆ ಸೇರುತ್ತವೆ. ಜನ ವಾಸವಿರುವ ಮನೆಗೆ ಈ ಹಾದಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಎರಡನೆಯದು ರಾಜ್ಯದ್ದು. 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆಯಡಿ ರಾಜ್ಯದ ಪುರಾತತ್ವ ಇಲಾಖೆ ‘ಸಂರಕ್ಷಿತ ಸ್ಮಾರಕ’ ಎಂದು ಅಧಿಸೂಚನೆ ಹೊರಡಿಸುತ್ತದೆ. ಮೊದಲು ಉದ್ದೇಶ ತಿಳಿಸಿ, ಎರಡು ತಿಂಗಳು ಆಕ್ಷೇಪಣೆಗೆ ಬಿಟ್ಟು, ಆಮೇಲೆ ಅಂತಿಮ ಮಾಡುತ್ತಾರೆ. ಇಲ್ಲಿ ಮಾಲೀಕರ ಜೊತೆ ಕರಾರು ಆಗಬಹುದು. ಆ ಕರಾರಿನಲ್ಲಿ ಕೆಡವುವಂತಿಲ್ಲ, ರೂಪ ಬದಲಿಸುವಂತಿಲ್ಲ, ಸಾರ್ವಜನಿಕರಿಗೆ ನೋಡಲು ಬಿಡಬೇಕು ಎಂಬ ಷರತ್ತುಗಳು ಬರಬಹುದು. ನಡುಮನೆಯಲ್ಲಿ ಅಜ್ಜಿ ಮಲಗಿರುವಾಗ ಪ್ರವಾಸಿಗರು ಬಂದು ಫೋಟೊ ತೆಗೆಯುವುದು ನಿಮಗೆ ಒಪ್ಪಿಗೆಯೇ ಎಂದು ಈಗಲೇ ಕೇಳಿಕೊಳ್ಳಿ.

ಮೂರನೆಯದು ಸ್ಥಳೀಯ ಮಟ್ಟದ್ದು. ಮನೆಗಳಿಗೆ ನಿಜವಾಗಿ ಹೊಂದುವುದು ಇದೇ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿ ‘ಪಾರಂಪರಿಕ ಕಟ್ಟಡ’ಕ್ಕೆ ವ್ಯಾಖ್ಯೆ ಇದೆ: ವಾಸ್ತುಶಿಲ್ಪದ, ಸೌಂದರ್ಯದ, ಇತಿಹಾಸದ ಇಲ್ಲವೇ ಸಂಸ್ಕೃತಿಯ ಮೌಲ್ಯವುಳ್ಳದ್ದು ಮತ್ತು ಹಾಗೆಂದು ಯೋಜನಾ ಪ್ರಾಧಿಕಾರವೋ ಅಧಿಕಾರವುಳ್ಳ ಬೇರೆ ಸಂಸ್ಥೆಯೋ ಘೋಷಿಸಿದ್ದು. ಬಿಡಿ ಕಟ್ಟಡದಂತೆ ಇಡೀ ಓಣಿ ಅಥವಾ ಪ್ರದೇಶವನ್ನೂ ಪಾರಂಪರಿಕ ವಲಯ ಎನ್ನಲು ಅವಕಾಶವಿದೆ. ಮನೆಯ ಮಾಲೀಕತ್ವ ನಿಮ್ಮದೇ ಉಳಿಯುತ್ತದೆ, ವಾಸವೂ ನಿಮ್ಮದೇ. ಕೆಡವುವುದಕ್ಕೆ, ಮುಂಭಾಗ ಬದಲಿಸುವುದಕ್ಕೆ, ಮೇಲೆ ಮಹಡಿ ಏರಿಸುವುದಕ್ಕೆ ಮಾತ್ರ ಪ್ರಾಧಿಕಾರದ ಒಪ್ಪಿಗೆ ಬೇಕಾಗುತ್ತದೆ.

ದೇಶದಲ್ಲಿ ಇಂಥ ನಗರ ಮಟ್ಟದ ನಿಯಮಾವಳಿಗೆ ದಾರಿ ಮಾಡಿದ್ದು ಮುಂಬಯಿ, 1995ರಲ್ಲಿ. ಅಲ್ಲಿಂದ ಬಂದ ಶ್ರೇಣಿಯ ಲೆಕ್ಕವನ್ನು ಈಗ ಎಲ್ಲ ಕಡೆ ಬಳಸುತ್ತಾರೆ. ಒಂದನೇ ಶ್ರೇಣಿ ಅಂದರೆ ಒಳಗೂ ಹೊರಗೂ ಕೈ ಹಚ್ಚುವಂತಿಲ್ಲ. ಎರಡನೇ ಶ್ರೇಣಿಯಲ್ಲಿ ಮೂಲ ಗುಣ ಕೆಡದ ಹಾಗೆ ಒಳಗೆ ಬದಲಾವಣೆ ಮಾಡಬಹುದು. ಮೂರನೇ ಶ್ರೇಣಿಯಲ್ಲಿ ಓಣಿಗೆ ಕಾಣುವ ರೂಪ ಉಳಿಸಿಕೊಂಡು ಇನ್ನೂ ಹೆಚ್ಚು ಸಡಿಲ ಇರುತ್ತದೆ. ನಮ್ಮ ಕಡೆಯ ಬಹುತೇಕ ಒಳ್ಳೆಯ ವಾಡೆಗಳು ಎರಡನೆಯದಕ್ಕೆ ಇಲ್ಲವೇ ಮೂರನೆಯದಕ್ಕೆ ಸೇರುವಂಥವು. ಅರ್ಜಿಯಲ್ಲಿ ಒಂದನೇ ಶ್ರೇಣಿಗೆ ಪಟ್ಟು ಹಿಡಿಯುವವರು ತಮ್ಮ ಕಾಲಿಗೆ ತಾವೇ ಹಗ್ಗ ಕಟ್ಟಿಕೊಳ್ಳುತ್ತಾರೆ.

ಇನ್ನೊಂದು ಮಾತು. ಮಾನ್ಯತೆ ಸಿಕ್ಕ ಮಾತ್ರಕ್ಕೆ ಸರ್ಕಾರ ದುರಸ್ತಿಗೆ ದುಡ್ಡು ಕೊಡುತ್ತದೆ ಎಂಬ ಆಸೆ ಬೇಡ. ಯಾವಾಗಲಾದರೂ ಯೋಜನೆ ಬಂದರೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಅನುಕೂಲ ಆಗಬಹುದು, ಅಷ್ಟೇ.

ಎರಡನೆಯದು: ಮನೆ ಕೂತಿರುವ ಜಾಗ

ಮನೆ ಎಷ್ಟೇ ಚೆಂದ ಇರಲಿ, ಅದು ನಿಂತ ನೆಲದ ಕಾನೂನು ಮೊದಲು.

ವಿಜಯಪುರದ ಹಳೆಯ ಊರಿನಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಓಣಿ ಓಣಿಗೂ ಇವೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ನಿಮ್ಮ ಮನೆ ಬಾರಾ ಕಮಾನದ ಪಕ್ಕಕ್ಕೋ ಜೋಡಗುಮ್ಮಟದ ಹಿಂದಕ್ಕೋ ಇದ್ದರೆ, ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಲೆಕ್ಕಾಚಾರ ಮೊದಲೇ ಕೈಬಿಟ್ಟಂತೆ. ಹಾಗಾಗಿ ಪಾರಂಪರಿಕ ಮಾನ್ಯತೆಯಿಂದ ಅಲ್ಲಿ ಕಳೆದುಕೊಳ್ಳುವುದು ಕಡಿಮೆ. ಇದನ್ನು ಪಾಲುದಾರರಿಗೆ ಬಿಡಿಸಿ ಹೇಳಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಬೆಳಗಾವಿಯ ಕ್ಯಾಂಪಿನಲ್ಲಿರುವ ಬಂಗಲೆಗಳದ್ದು ಬೇರೆ ಕಥೆ. ದಂಡಿನ ಪ್ರದೇಶ ಕಂಟೋನ್ಮೆಂಟ್ ಬೋರ್ಡಿನ ಆಡಳಿತಕ್ಕೆ ಸೇರಿದ್ದು. ಅಲ್ಲಿನ ಬಹಳಷ್ಟು ಬಂಗಲೆಗಳು ‘ಓಲ್ಡ್ ಗ್ರ್ಯಾಂಟ್’ ಜಾಗದಲ್ಲಿವೆ, ಅಂದರೆ ಕಟ್ಟಡ ನಿಮ್ಮದಾದರೂ ನೆಲ ರಕ್ಷಣಾ ಇಲಾಖೆಯದು. ಕಾಗದ ನೋಡದೆ ಮುಂದೆ ಹೋಗಬೇಡಿ.

ಹಳೆ ಬಾಗಲಕೋಟೆಯವರಿಗೆ ಹೇಳುವುದು ಕಷ್ಟದ ಮಾತು. ಆಲಮಟ್ಟಿಯ ಹಿನ್ನೀರಿಗೆ ಊರಿನ ದೊಡ್ಡ ಭಾಗ ಹೋಗಿ ನವನಗರ ಎದ್ದಿತು. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ನಿಮ್ಮ ಮನೆ ಮುಳುಗಡೆ ಪಟ್ಟಿಯಲ್ಲಿದ್ದರೆ ಸ್ಥಳೀಯ ಪಾರಂಪರಿಕ ಮಾನ್ಯತೆ ಭೂಸ್ವಾಧೀನವನ್ನು ತಡೆಯುತ್ತದೆ ಎಂದು ನಂಬಬೇಡಿ. ಅಂಥಲ್ಲಿ ಅರ್ಜಿಗೆ ಹಾಕುವ ಶ್ರಮವನ್ನು ನಕ್ಷೆ, ಫೋಟೊ, ಹಿರಿಯರ ಮಾತಿನ ದಾಖಲಾತಿಗೆ ಹಾಕಿ. ಕಂಬ, ಬೋದಿಗೆ, ಬಾಗಿಲುಗಳನ್ನು ಕ್ರಮಸಂಖ್ಯೆ ಬರೆದು ಬಿಚ್ಚಿಟ್ಟುಕೊಂಡರೆ ಮುಂದೆ ಬೇರೆಡೆ ನಿಲ್ಲಿಸಲೂ ಬರುತ್ತದೆ.

ಹಳ್ಳಿಯ ಗಾವಠಾಣದೊಳಗಿನ (ಊರಿನ ವಸತಿ ಜಾಗದೊಳಗಿನ) ಮನೆಯಾದರೆ ಅದು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆಯೇ ಎಂದು ತಿಳಿದುಕೊಳ್ಳಿ. ಬರದಿದ್ದರೆ ಮೂರನೆಯ ಹಾದಿ ಇರುವುದಿಲ್ಲ. ರಾಜ್ಯ ಪುರಾತತ್ವ ಇಲಾಖೆಗೇ ಬರೆಯಬೇಕು.

ಮೂರನೆಯದು: ಕಾಗದಗಳು

ಪಟ್ಟಣದ ಮನೆಗೆ ಸಿಟಿ ಸರ್ವೆ ಕಚೇರಿಯಿಂದ ಸಿ.ಟಿ.ಎಸ್. ನಂಬರಿನ ಉತಾರ (ಮಾಲೀಕತ್ವದ ದಾಖಲೆ) ಮತ್ತು ನಕ್ಷೆ ತೆಗೆಸಿ. ಹಳ್ಳಿಯದಾದರೆ ಪಂಚಾಯಿತಿಯ ಇ-ಸ್ವತ್ತು ಕಾಗದ. ಇವು ಇವತ್ತಿನ ಮಾಲೀಕರನ್ನು ಹೇಳುತ್ತವೆ, ಮನೆಯ ವಯಸ್ಸನ್ನು ಹೇಳುವುದಿಲ್ಲ. ವಯಸ್ಸಿಗೆ ಹಳೆಯ ಖರೀದಿ ಪತ್ರ, ವಾಟ್ನಿ ಪತ್ರ, ಭೋಗ್ಯ ಪತ್ರ, ಸನದು ಬೇಕು. ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) ಗಮನವಿಟ್ಟು ಓದಿ. ನಿಮ್ಮ ಪೆಟ್ಟಿಗೆಯಲ್ಲಿ ಏನೂ ಉಳಿಯದಿದ್ದರೂ, ಬಾಜೂ ಮನೆಯ 1920ರ ಪತ್ರದಲ್ಲಿ ‘ಪೂರ್ವಕ್ಕೆ ಇಂಥವರ ಮಾಳಿಗಿ ಮನೆ’ ಎಂದು ನಿಮ್ಮ ಮುತ್ತಜ್ಜನ ಹೆಸರು ಬಂದಿರಬಹುದು. ಹೊರಗಿನವರ ಕಾಗದದಲ್ಲಿ ಸಿಕ್ಕ ಸಾಕ್ಷಿಗೆ ಬೆಲೆ ಹೆಚ್ಚು.

ಈ ಭಾಗದ ಹಳೆಯ ಕಾಗದ ಬಹಳ ಸಲ ಮೋಡಿ ಲಿಪಿಯ ಮರಾಠಿಯಲ್ಲಿರುತ್ತದೆ. ಓದಲು ಬರುವುದಿಲ್ಲ ಎಂದು ಪಕ್ಕಕ್ಕಿಡಬೇಡಿ. ಮೋಡಿ ಬಲ್ಲವರು ಬೆಳಗಾವಿ, ಕೊಲ್ಹಾಪುರ, ಪುಣೆಯಲ್ಲಿ ಇನ್ನೂ ಇದ್ದಾರೆ. ನಿಮ್ಮ ಊರು ಆಗ ಯಾರ ಕೈಯಲ್ಲಿತ್ತು ಎಂಬುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಾಮದುರ್ಗ ಭಾವೆಯವರದು. ಮೂರೂ 1948ರಲ್ಲಿ ವಿಲೀನವಾದ ಸಂಸ್ಥಾನಗಳು. ಬೆಳಗಾವಿಯ ಪಕ್ಕದ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಅದಕ್ಕೇ ಅಲ್ಲಿಯ ಮನೆಯ ಕಾಗದ ಬೆಳಗಾವಿ ಪೇಟೆಯ ಮನೆಯ ಕಾಗದದ ಜೊತೆ ಸಿಗುವುದಿಲ್ಲ. ಉಳಿದ ಬ್ರಿಟಿಷ್ ಭಾಗಕ್ಕೆ 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಬೆಳಗಾವಿ ಮತ್ತು ವಿಜಯಪುರ ಗ್ಯಾಸೆಟಿಯರ್ ನೋಡಿ. ನಿಮ್ಮ ಮನೆಯ ಹೆಸರು ಅಲ್ಲಿ ಸಿಗುವುದು ಅಪರೂಪ, ಊರಿನ ಪೇಟೆ, ಕಸುಬು, ಮನೆ ಕಟ್ಟುವ ರೀತಿಯ ವಿವರ ಸಿಗುತ್ತದೆ.

ಬಾಗಿಲ ಮೇಲಿನ ಕಲ್ಲಿನಲ್ಲಿ ‘ಶಕೆ 1810’ ಎಂದಿದ್ದರೆ 78 ಕೂಡಿಸಿ: 1888. ಆ ಶಕ ವರ್ಷದ ಕೊನೆಯ ತಿಂಗಳುಗಳಾದರೆ 79. ಫಸಲಿ ಸನ್ (ಹಳೆಯ ಕಂದಾಯ ಲೆಕ್ಕದ ವರ್ಷ) ಇದ್ದರೆ ನಮ್ಮ ದಖ್ಖನಿನ ಲೆಕ್ಕಕ್ಕೆ 590 ಕೂಡಿಸಬೇಕು. ಆದರೆ ಕಲ್ಲು ಹೇಳುವ ವರ್ಷ ಬಾಗಿಲಿನದೋ, ಜೀರ್ಣೋದ್ಧಾರದ್ದೋ, ಇಡೀ ಮನೆಯದೋ ಎಂದು ಕೇಳಿಕೊಳ್ಳಬೇಕು. ಬಿದ್ದ ಗುಡಿ, ಬಿದ್ದ ಮಹಲುಗಳ ಕಲ್ಲು ತಂದು ಮನೆ ಕಟ್ಟುವುದು ನಮ್ಮಲ್ಲಿ ಹೊಸದೇನಲ್ಲ. ಗೋಡೆಯಲ್ಲಿ ವೀರಗಲ್ಲೋ ಹಳಗನ್ನಡ ಶಾಸನವೋ ಸಿಕ್ಕರೆ ಅದು ಮನೆಯ ವಯಸ್ಸಿಗೆ ಸಾಕ್ಷಿಯಲ್ಲ. ಅದನ್ನು ಪುರಾತತ್ವ ಇಲಾಖೆಗೆ ಬೇರೆಯಾಗಿಯೇ ತಿಳಿಸಿ. ನೂರು ವರ್ಷ ದಾಟಿದ ಶಿಲ್ಪ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದೂ ನೆನಪಿರಲಿ.

ನಾಲ್ಕನೆಯದು: ಮನೆಯನ್ನು ಓದುವುದು

ಇಲ್ಲಿ ಅವಸರ ಬೇಡ. ಒಂದು ನೋಟ್‌ಬುಕ್, ಅಳತೆ ಟೇಪು, ಟಾರ್ಚು ಹಿಡಿದುಕೊಂಡು ಅಗಸಿಯಿಂದ ಒಳಗೆ ಬನ್ನಿ.

ಅಗಸಿ ಬಾಗಿಲು, ಅದರೊಳಗೆ ಬಗ್ಗಿ ದಾಟುವ ದಿಡ್ಡಿ ಬಾಗಿಲು, ಎರಡೂ ಬದಿಯ ಕಟ್ಟೆ. ಒಳಗೆ ದಂದಕ್ಕಿ (ದನ ಕಟ್ಟುವ ಜಾಗ), ಅಲ್ಲಿ ದನದ ಗ್ವಾದಲಿ (ಮೇವು ಹಾಕುವ ತೊಟ್ಟಿ). ಅದರ ಮೇಲಕ್ಕೆ ಎತ್ತರದ ಪಡಸಾಲಿ. ದೊಡ್ಡ ವಾಡೆಯಾದರೆ ನಡುವೆ ಚೌಕ (ತೆರೆದ ಅಂಗಳ), ಸುತ್ತ ಕಂಬಸಾಲು. ಹಿಂದೆ ದೇವರ ಜಗಲಿ, ಅಡಿಗಿ ಮನಿ, ಬಚ್ಚಲು, ಹಿತ್ತಲು, ಬಾವಿ. ನೆಲದೊಳಗೆ ಜೋಳ ತುಂಬುವ ಹಗೇವು. ಈ ಒಂದೊಂದೂ ಮೂಲ ಜಾಗದಲ್ಲಿ ಇದೆಯೋ, ಮುಚ್ಚಿದೆಯೋ, ಬದಲಾಗಿದೆಯೋ ಎಂದು ಬರೆದುಕೊಳ್ಳಿ. ಅಂಕಣ (ಎರಡು ಕಂಬ ಅಥವಾ ತೊಲೆಗಳ ನಡುವಿನ ಜಾಗ) ಎಣಿಸಿ. ಹಳಬರು ಮನೆಯನ್ನು ಅಳೆಯುತ್ತಿದ್ದದ್ದೇ ಅಂಕಣದ ಲೆಕ್ಕದಲ್ಲಿ, ಮತ್ತು ಎಲ್ಲಿ ಅಂಕಣದ ಅಳತೆ ಒಮ್ಮೆಲೇ ಬದಲಾಗುತ್ತದೆಯೋ ಅಲ್ಲಿ ಮನೆ ಆಮೇಲೆ ಬೆಳೆದಿದೆ ಎಂದು ಅನುಮಾನಿಸಬಹುದು.

ಎಲ್ಲರೂ ಮೊದಲು ಫೋಟೊ ತೆಗೆಯುವುದು ಕೆತ್ತನೆಯ ಬಾಗಿಲನ್ನು. ನನ್ನ ಕಣ್ಣಿಗೆ ಚೌಕ ಮತ್ತು ದಂದಕ್ಕಿ ಅದಕ್ಕಿಂತ ದೊಡ್ಡ ಆಸ್ತಿ. ಬಾಗಿಲನ್ನು ಬಿಚ್ಚಿ ಮಾರಬಹುದು, ಬೇರೆ ಮನೆಯದನ್ನು ತಂದು ಕೂಡಿಸಬಹುದು. ಬೆಂಗಳೂರು, ಪುಣೆಯ ರೆಸಾರ್ಟುಗಳಲ್ಲಿ ನಮ್ಮ ಕಡೆಯ ಬಾಗಿಲುಗಳು ಕಾಫಿ ಟೇಬಲ್ ಆಗಿ ಕೂತಿವೆ. ಮನೆಯ ವಿನ್ಯಾಸವನ್ನು ಹಾಗೆ ಸಾಗಿಸಲು ಬರುವುದಿಲ್ಲ. ದನ ಮತ್ತು ಮನುಷ್ಯ ಒಂದೇ ಸೂರಿನಡಿ ಹೇಗೆ ಇದ್ದರು, ಹೊರಗಿನವರು ಎಲ್ಲಿಯವರೆಗೆ ಬರಬಹುದಿತ್ತು, ಹೆಣ್ಣುಮಕ್ಕಳು ಯಾವ ಹಾದಿಯಿಂದ ಬಾವಿಗೆ ಹೋಗುತ್ತಿದ್ದರು ಎಂಬುದನ್ನೆಲ್ಲ ಹೇಳುವುದು ಆ ವಿನ್ಯಾಸವೇ.

ಇನ್ನು ಸಾಮಗ್ರಿ. ವಿಜಯಪುರ ಮತ್ತು ಕೃಷ್ಣೆಯ ಉತ್ತರಕ್ಕೆ ಕರಿಕಲ್ಲು. ಬಾದಾಮಿ, ಗುಳೇದಗುಡ್ಡದ ಕಡೆ ಕೆಂಪು ಮರಳುಗಲ್ಲು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್. ಖಾನಾಪುರದ ಕಡೆ ಜಂಬಿಟ್ಟಿಗೆಯ ಗೋಡೆ, ಇಳಿಜಾರು ಹಂಚಿನ ಮಾಡು. ಸ್ಥಳದ ಕಲ್ಲಿನಿಂದ ಸ್ಥಳದ ರೀತಿಯಲ್ಲಿ ಕಟ್ಟಿದ ಮನೆ ಆ ಸೀಮೆಯ ಮಾದರಿಯಾಗಿ ನಿಲ್ಲುತ್ತದೆ. ಮೇಲೆ ನೋಡಿ: ತೊಲಿ, ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸವಳು ಮಣ್ಣಿನ ಮಾಳಿಗಿ (ಸಪಾಟು ಚಾವಣಿ). ನಡುವೆ ಬೆಳಕಿಂಡಿ. ಗೋಡೆಯ ಎರಡು ಮೈ ಕಲ್ಲಿನದು, ಒಳಗೆ ಮಣ್ಣು ಮತ್ತು ಹೆಂಟೆ ತುಂಬಿದ್ದೇ ಎಂದು ಕುಸಿದ ಕಡೆ ಇಣುಕಿ ನೋಡಿದರೆ ತಿಳಿಯುತ್ತದೆ.

ವಯಸ್ಸಿನ ಗುರುತುಗಳು ಕೆಲವು ಗಟ್ಟಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಆದ್ದರಿಂದ ಮಂಗಳೂರು ಹಂಚಿನ ಮಾಡು ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಗೋಡೆ ಹಳೆಯದಿರಬಹುದು. ಈ ಭಾಗಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಕಬ್ಬಿಣದ ತೊಲೆ, ಎರಕದ ಕಂಬ, ರೈಲ್ವೆ ಹಳಿಯನ್ನೇ ಜಂತಿಯಾಗಿ ಹಾಕಿದ ಮಾಳಿಗಿ ಕಂಡರೆ ಅದು ಬಹುತೇಕ ಆ ನಂತರದ ಕೆಲಸ. ಬಣ್ಣಬಣ್ಣದ ಸಿಮೆಂಟ್ ಹಾಸುಬಿಲ್ಲೆ ಇಪ್ಪತ್ತನೇ ಶತಮಾನದ್ದು. ಒಂದೇ ಮನೆಯಲ್ಲಿ ಇವೆಲ್ಲ ಇದ್ದರೆ ಬೇಸರ ಬೇಡ. ಪೇಶ್ವೆಯ ಕಾಲದ ಗೋಡೆ, ರೈಲಿನ ಕಾಲದ ಕಂಬ, ಸ್ವಾತಂತ್ರ್ಯದ ಹೊತ್ತಿನ ನೆಲ ಒಟ್ಟಿಗಿರುವ ಮನೆ ತನ್ನ ಇತಿಹಾಸವನ್ನು ತಾನೇ ಬರೆದುಕೊಂಡಿದೆ. ಅದನ್ನು ‘ಮೂಲರೂಪ’ಕ್ಕೆ ತರುತ್ತೇನೆಂದು ಕಿತ್ತು ಹಾಕುವುದು ತಪ್ಪು.

ಹಾಗಾದರೆ ಯಾವ ಬದಲಾವಣೆ ಮನೆಯನ್ನು ಅನರ್ಹ ಮಾಡುತ್ತದೆ? ಹೊರಗಿನ ಸಿಮೆಂಟ್ ಗಿಲಾವು, ಎಣ್ಣೆ ಬಣ್ಣ, ಹೊಸ ಕಿಟಕಿ ಕದ ಇವನ್ನೆಲ್ಲ ಹಿಂದಕ್ಕೆ ತೆಗೆಯಲು ಬರುತ್ತದೆ. ಚೌಕದ ಮೇಲೆ ಹಾಕಿದ ತಗಡಿನ ಚಾವಣಿಯೂ ಅಷ್ಟೇ. ಪಡಸಾಲಿಯ ಮಾಳಿಗಿ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕಿ, ಕಂಬಗಳನ್ನು ಮಾರಿದ್ದರೆ, ಅಥವಾ ಮುಂಭಾಗವನ್ನು ಒಡೆದು ಅಂಗಡಿ ಮಳಿಗೆ ಮಾಡಿದ್ದರೆ ವಾದ ಬಹಳ ಸೊರಗುತ್ತದೆ. ನನ್ನ ಒರಟು ಅಳತೆ ಹೀಗಿದೆ: ಅರವತ್ತು ವರ್ಷ ಹಿಂದೆ ಊರು ಬಿಟ್ಟ ಹಿರಿಯರೊಬ್ಬರು ಇವತ್ತು ಬಂದರೆ, ಕೇಳದೆಯೇ ಅಗಸಿಯಿಂದ ಬಾವಿಯವರೆಗೆ ಹೋಗಬಲ್ಲರೇ? ಹೌದಾದರೆ ಮನೆ ಉಳಿದಿದೆ.

ಐದನೆಯದು: ಕಥೆ ಮತ್ತು ಸಾಕ್ಷಿ

ಕೆಲವು ಮನೆಗಳ ಬೆಲೆ ಕಟ್ಟಡದಲ್ಲಿ ಇಲ್ಲ, ಅಲ್ಲಿ ನಡೆದದ್ದರಲ್ಲಿ ಇದೆ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಉಳಿದುಕೊಂಡ ರಿಸಾಲದಾರ ಗಲ್ಲಿಯ ಭಾಟೆಯವರ ಮನೆ ಇವತ್ತು ಸ್ಮಾರಕವಾಗಿ ನಿಂತಿರುವುದು ಆ ಕಾರಣಕ್ಕೆ. ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರ ಹುದಲಿ, 1924ರ ಕಾಂಗ್ರೆಸ್ ಅಧಿವೇಶನ ನಡೆದ ಬೆಳಗಾವಿಯ ಟಿಳಕವಾಡಿ, 1857ರ ಬೇಡರ ದಂಗೆಯ ಹಲಗಲಿ ಇಂಥ ಊರುಗಳಲ್ಲಿ ಸಾಧಾರಣ ಮನೆಗೂ ಅಸಾಧಾರಣ ಸಂಬಂಧ ಇರಬಹುದು. ಶಿಕ್ಷಣಕ್ಕೆ ತಮ್ಮ ಆಸ್ತಿ ಬಿಟ್ಟುಹೋದ ಲಿಂಗರಾಜ ದೇಸಾಯಿಯವರಿಂದಾಗಿ ಶಿರಸಂಗಿಯ ವಾಡೆಗೆ ದೇಸಗತಿಯ ಆಚೆಗೂ ಒಂದು ಅರ್ಥ ಬಂತು.

ಆದರೆ ‘ಗಾಂಧೀಜಿ ನಮ್ಮನಿಗೆ ಬಂದಿದ್ರು’, ‘ಚೆನ್ನಮ್ಮನ ಕಾಲಕ್ಕೆ ಇಲ್ಲಿ ಮದ್ದುಗುಂಡು ಮುಚ್ಚಿಟ್ಟಿದ್ರು’ ಎನ್ನುವ ಮಾತು ಈ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಇದೆಯೆಂದರೆ, ಅಧಿಕಾರಿಗಳು ಅದನ್ನು ಕೇಳಿದ ಕೂಡಲೇ ಮುಗುಳ್ನಗುತ್ತಾರೆ. ಸಾಕ್ಷಿಯನ್ನು ಮೂರು ಗುಂಪು ಮಾಡಿ. ಆ ಕಾಲದ್ದೇ ಆದ ಕಾಗದ, ಪತ್ರ, ಫೋಟೊ, ಪತ್ರಿಕೆಯ ಸುದ್ದಿ ಮೊದಲನೆಯದು. ಮನೆತನಕ್ಕೆ ಸಂಬಂಧವಿಲ್ಲದವರ ನೆನಪು ಎರಡನೆಯದು. ಮನೆಯವರ ನೆನಪು ಮೂರನೆಯದು. ಮೂರನೆಯದನ್ನೂ ಬರೆಯಿರಿ, ಆದರೆ ‘ಮನೆತನದಲ್ಲಿ ಹೇಳಿಕೊಂಡು ಬಂದದ್ದು’ ಎಂದೇ ಬರೆಯಿರಿ. ಅಷ್ಟು ಹೇಳಿದರೆ ನಿಮ್ಮ ಉಳಿದ ಮಾತಿಗೂ ತೂಕ ಬರುತ್ತದೆ.

ಹಿರಿಯರನ್ನು ಕೇಳುವಾಗ ಉತ್ತರವನ್ನು ಪ್ರಶ್ನೆಯಲ್ಲಿ ಇಡಬೇಡಿ. “ಆಯೀ, ಗಾಂಧೀಜಿ ಇದೇ ಕಟ್ಟಿ ಮ್ಯಾಲೆ ಕುಂತಿದ್ರಲ್ಲ?” ಎಂದರೆ ಹೌದು ಎನ್ನುತ್ತಾರೆ. “ಈ ಮನಿಗೆ ದೊಡ್ಡಾವ್ರು ಯಾರ್ಯಾರು ಬರ್ತಿದ್ರು ಹೇಳ್ಬೇ” ಎಂದು ಬಿಟ್ಟುಬಿಡಿ. ಅವರು ಹೇಳುವುದು ಬಹಳ ಸಲ ಇನ್ನೂ ಸ್ವಾರಸ್ಯದ್ದಾಗಿರುತ್ತದೆ: ಪಡಸಾಲಿಯಲ್ಲಿ ನಡೆದ ಗಾಂವಠಿ ಶಾಲೆ, ಬರಗಾಲದಲ್ಲಿ ಹಗೇವು ತೆಗೆದು ಜೋಳ ಅಳೆದದ್ದು, ಓಣಿಯವರೆಲ್ಲ ಬಂದು ನೀರು ಸೇದಿದ ಬಾವಿ. ಊರಿಗೆಲ್ಲ ಸೇರಿದ ಇಂಥ ಬಳಕೆಯೇ ಸಾಂಸ್ಕೃತಿಕ ಮೌಲ್ಯ.

ಇಲ್ಲೊಂದು ಪಕ್ಷಪಾತವನ್ನು ಹೇಳಿಬಿಡುತ್ತೇನೆ. ಪಾರಂಪರಿಕ ಅಂದ ಕೂಡಲೇ ಎಲ್ಲರ ಕಣ್ಣು ದೇಸಾಯರ, ದೇಶಮುಖರ ವಾಡೆಯ ಕಡೆಗೆ ಹೋಗುತ್ತದೆ. ಗುಳೇದಗುಡ್ಡ, ಇಳಕಲ್, ರಬಕವಿ-ಬನಹಟ್ಟಿಯ ನೇಕಾರರ ಮನೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದೇ ಜಾಗದಲ್ಲಿ ಉಳಿದಿರುವ ಸಣ್ಣ ಮನೆ, ಅರ್ಧ ಸ್ಲ್ಯಾಬ್ ಆದ ದೊಡ್ಡ ವಾಡೆಗಿಂತ ಮಾನ್ಯತೆಗೆ ಹೆಚ್ಚು ಅರ್ಹ ಎಂದು ನನ್ನ ನಂಬಿಕೆ. ವಾಡೆಗಳು ಹೇಗೋ ನೆನಪಿನಲ್ಲಿ ಉಳಿಯುತ್ತವೆ. ಮಗ್ಗದ ಮನೆಗಳು ಪವರ್‌ಲೂಮ್ ಶೆಡ್ ಆಗಿ ಸದ್ದಿಲ್ಲದೆ ಹೋಗುತ್ತಿವೆ.

ಆರನೆಯದು: ಓಣಿ ಸುತ್ತುವುದು

ಒಂದು ದಿನ ನಿಮ್ಮ ಮನೆ ಬಿಟ್ಟು ಅಕ್ಕಪಕ್ಕದ ಓಣಿಗಳನ್ನೆಲ್ಲ ಸುತ್ತಿ, ನಿಮ್ಮದರಂಥ ಮನೆಗಳ ಪಟ್ಟಿ ಮಾಡಿ. ಇದನ್ನು ಬಹಳ ಜನ ಬಿಡುತ್ತಾರೆ. ಅಂಥವು ಇನ್ನೂ ಹತ್ತಾರು ಇದ್ದು, ಅವು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ನಿಮ್ಮ ಒಂದೇ ಮನೆಯ ವಾದ ನಿಲ್ಲುವುದಿಲ್ಲ. ಹಾಗಿದ್ದಾಗ ನೆರೆಹೊರೆಯವರನ್ನು ಸೇರಿಸಿಕೊಂಡು ಇಡೀ ಓಣಿಯನ್ನು ಪಾರಂಪರಿಕ ವಲಯ ಮಾಡಿ ಎಂದು ಕೇಳುವುದು ಜಾಣತನ. ನಿಮ್ಮದು ಕೊನೆಯದಾಗಿ ಉಳಿದದ್ದಾದರೆ ಅದನ್ನೇ ವಾದದ ಮೊದಲ ಸಾಲು ಮಾಡಿ. 2019ರ ಆಗಸ್ಟಿನ ಪ್ರವಾಹ ಮತ್ತು ಮಳೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಬಹಳ ಬಿದ್ದವು. ಅದಕ್ಕೂ ಹಿಂದೆ ಸಾಮಾನ್ಯವಾಗಿದ್ದ ಮಾದರಿ ಈಗ ಅಪರೂಪ ಆಗಿರಬಹುದು.

ಏಳನೆಯದು: ಒಂದು ಪುಟದಲ್ಲಿ ಬರೆಯಿರಿ

ಇಷ್ಟಾದ ಮೇಲೆ ಮನೆಯ ಮಹತ್ವವನ್ನು ಒಂದೇ ಪುಟದಲ್ಲಿ ಬರೆಯಲು ಕೂತುಕೊಳ್ಳಿ. ನಿರ್ಧಾರ ಆಗುವುದು ಇಲ್ಲಿಯೇ. “ನಮ್ಮ ವಾಡೆ ಅತ್ಯಂತ ಪುರಾತನವಾದದ್ದು, ಅದ್ಭುತ ಕೆತ್ತನೆಯುಳ್ಳದ್ದು, ನಮ್ಮದು ಊರಿನ ಪ್ರತಿಷ್ಠಿತ ಮನೆತನ” ಎಂಬುದಕ್ಕಿಂತ ಮುಂದೆ ಪೆನ್ನು ಓಡದಿದ್ದರೆ ಅರ್ಜಿ ಹಾಕುವ ಹೊತ್ತು ಬಂದಿಲ್ಲ. ಆ ವಾಕ್ಯವನ್ನು ಯಾವ ಮನೆಗೆ ಬೇಕಾದರೂ ಹಚ್ಚಬಹುದು.

ಗುಳೇದಗುಡ್ಡದಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಅದರ ಬಗ್ಗೆ ಹೀಗೆ ಬರೆಯಬಹುದು: “ನೇಕಾರರ ಓಣಿಯ ಈ ಐದು ಅಂಕಣದ ಮನೆಯಲ್ಲಿ ಮಗ್ಗದ ಕುಣಿ, ಹಾಸು ಸಿದ್ಧ ಮಾಡುವ ಪಡಸಾಲಿ, ಬಣ್ಣ ಹಾಕುವ ಹಿತ್ತಲು ಮೂರೂ ಮೂಲ ಜಾಗದಲ್ಲಿವೆ. ಕೆಂಪು ಮರಳುಗಲ್ಲಿನ ಗೋಡೆ, ಮಣ್ಣಿನ ಮಾಳಿಗಿ ಉಳಿದಿವೆ. ಹಿಂದಿನ ಎರಡು ಕೋಣೆಗಳ ಮೇಲೆ ಸ್ಲ್ಯಾಬ್ ಬಂದಿದೆ. ಪಕ್ಕದ ಮನೆಯ 1931ರ ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಈ ಮನೆಯ ಉಲ್ಲೇಖವಿದೆ. ಓಣಿಯಲ್ಲಿ ಇಂಥ ಬೇರೆ ಮನೆ ಉಳಿದಿಲ್ಲ.” ಏನು ಕೆಟ್ಟಿದೆ ಎಂಬುದನ್ನೂ ಇದರಲ್ಲಿ ಮುಚ್ಚಿಟ್ಟಿಲ್ಲ ನೋಡಿ. ಪರಿಶೀಲನೆಗೆ ಬಂದವರು ಹೇಗೂ ನೋಡುತ್ತಾರೆ.

ಬರೆದದ್ದನ್ನು ನಿಮ್ಮ ಸಂಬಂಧಿಕರಲ್ಲದ, ಸ್ವಲ್ಪ ನೇರ ಮಾತಿನ ಒಬ್ಬರಿಗೆ ಓದಿಸಿ. ಊರಿನ ಇತಿಹಾಸ ಬಲ್ಲ ಮೇಷ್ಟ್ರು ಆದರೆ ಒಳ್ಳೆಯದು.

ಎಂಟನೆಯದು: ಮನೆಯವರ ಒಪ್ಪಿಗೆ

ಇದನ್ನು ಕೊನೆಗೆ ಇಟ್ಟುಕೊಂಡವರ ಅರ್ಜಿಗಳು ಆಕ್ಷೇಪಣೆಯಲ್ಲೇ ಸಾಯುತ್ತವೆ. ಉತಾರದಲ್ಲಿ ಅಜ್ಜನ ಹೆಸರೇ ಇದ್ದರೆ ಮೊದಲು ವಾರಸಾ ದಾಖಲು ಮಾಡಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು, ಅತ್ತೆಯರನ್ನು ಕೇಳದೆ ಸಹಿ ಹಾಕಿ ಕಳಿಸಬೇಡಿ. ಮಾನ್ಯತೆ ಬಂದರೆ ಮನೆ ಕೆಡವಿ ಸೈಟು ಮಾಡಿ ಹಂಚಿಕೊಳ್ಳುವುದು ಕಷ್ಟ ಎಂಬುದನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ. ತಮ್ಮ ಮಾರಬಾರದು ಎಂಬ ಒಂದೇ ಕಾರಣಕ್ಕೆ ಅಣ್ಣ ಹಾಕಿದ ಅರ್ಜಿಯನ್ನು ಕಚೇರಿಯವರು ದೂರದಿಂದಲೇ ಗುರುತಿಸುತ್ತಾರೆ. ಇಂಥ ಜಗಳಕ್ಕೆ ಜಾಗ ದಿವಾಣಿ ಕೋರ್ಟು.

ನೋಡಿಕೊಳ್ಳುವವರು ಯಾರು ಎಂಬುದೂ ಈಗಲೇ ಇತ್ಯರ್ಥ ಆಗಲಿ. ಮಣ್ಣಿನ ಮಾಳಿಗಿಗೆ ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ಮೇಲ್ಮುದ್ದಿ (ಮೇಲೆ ಹೊಸ ಮಣ್ಣು) ಹಾಕಬೇಕು, ನೀರು ಹೋಗುವ ದೋಣಿ ಬಿಡಿಸಬೇಕು, ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಬೇರು ಸಮೇತ ತೆಗೆಯಬೇಕು. ಎಲ್ಲರೂ ಪುಣೆ, ಬೆಂಗಳೂರಲ್ಲಿದ್ದು ಮನೆಗೆ ಕೀಲಿ ಹಾಕಿದ್ದರೆ ಯಾವ ಪ್ರಮಾಣಪತ್ರವೂ ಆ ಮಾಳಿಗಿಯನ್ನು ಎತ್ತಿ ಹಿಡಿಯುವುದಿಲ್ಲ. ದುರಸ್ತಿ ಮಾಡುವಾಗ ಮಣ್ಣು ಮತ್ತು ಗಚ್ಚಿನ ಗೋಡೆಗೆ ಸಿಮೆಂಟ್ ಗಿಲಾವು ಬಳಿಯಬೇಡಿ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆ ಒಳಗಿಂದಲೇ ಕರಗುತ್ತದೆ.

ಒಂಬತ್ತನೆಯದು: ತೀರ್ಮಾನ, ಅರ್ಜಿ

ಮನೆಯ ವಿನ್ಯಾಸ ಉಳಿದಿದೆ, ಕಾಗದ ಅಥವಾ ಹೊರಗಿನವರ ಸಾಕ್ಷಿ ಇದೆ, ಊರಿನಲ್ಲಿ ಅಂಥದ್ದು ಕಡಿಮೆ, ಪಾಲುದಾರರು ಒಪ್ಪಿದ್ದಾರೆ. ಈ ನಾಲ್ಕೂ ಇದ್ದರೆ ಅರ್ಜಿ ಹಾಕಿ. ಮೊದಲ ಮೂರು ಇದ್ದು ಒಪ್ಪಿಗೆ ಇಲ್ಲದಿದ್ದರೆ ತಡೆಯಿರಿ. ವಿನ್ಯಾಸವೇ ಹೋಗಿ, ಸಂಬಂಧ ಮಾತ್ರ ಗಟ್ಟಿಯಿದ್ದರೆ ಒಂದು ಫಲಕ ಹಾಕಿಸುವುದು ಸಾಕು. ಯಾವುದೂ ಇಲ್ಲದಿದ್ದರೆ ಅದು ನಿಮ್ಮ ಪ್ರೀತಿಯ ಮನೆ. ಅದನ್ನು ಸರಿಪಡಿಸಿಕೊಂಡು ಇರಲು ಯಾರ ಮಾನ್ಯತೆಯೂ ಬೇಕಿಲ್ಲ.

ಅರ್ಜಿ ನಿಮ್ಮ ಊರಿನ ನಗರಾಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರದ ಆಯುಕ್ತರಿಗೆ, ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ ಮತ್ತು ಜಿಲ್ಲಾಧಿಕಾರಿಗೆ. ಜೊತೆಗೆ ಆ ಒಂದು ಪುಟ, ಉತಾರ, ಪಾಲುದಾರರ ಒಪ್ಪಿಗೆ ಪತ್ರ, ಹಳೆಯ ಪತ್ರಗಳ ನಕಲು (ಮೋಡಿಯದಾದರೆ ಕನ್ನಡ ಅನುವಾದದೊಂದಿಗೆ), ಅಳತೆಯ ನಕ್ಷೆ, ಫೋಟೊಗಳು. ನಕ್ಷೆಗೆ ಹತ್ತಿರದ ಆರ್ಕಿಟೆಕ್ಚರ್ ಕಾಲೇಜನ್ನು ಕೇಳಿ ನೋಡಿ. ಅಲ್ಲಿಯ ಹುಡುಗರು ಅಭ್ಯಾಸಕ್ಕೆ ಇಂಥ ಮನೆಗಳನ್ನೇ ಹುಡುಕುತ್ತಿರುತ್ತಾರೆ, ಮಧ್ಯಾಹ್ನ ರೊಟ್ಟಿ ಊಟ ಹಾಕಿದರೆ ಇನ್ನೂ ಖುಷಿಯಿಂದ ಬರುತ್ತಾರೆ. ಇನ್‌ಟ್ಯಾಕ್ ಎಂಬ ಪರಂಪರೆ ಸಂರಕ್ಷಣೆಯ ಸಂಸ್ಥೆ 1984ರಿಂದ ದೇಶದಾದ್ಯಂತ ಇಂಥ ಪಟ್ಟಿ ಮಾಡುವ ಕೆಲಸದಲ್ಲಿದೆ. ಅದರ ಪಟ್ಟಿಗೆ ಕಾನೂನಿನ ಬಲ ಇಲ್ಲ, ಆದರೂ ಅಲ್ಲಿ ಹೆಸರು ಸೇರಿದ್ದರೆ ನಿಮ್ಮ ಕಡತಕ್ಕೆ ಬಲ.

ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಹಳ ದಿನ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿ ಕೇಳಬಹುದು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ದಾಖಲೆ ಸಾಲದು ಎಂದಿದ್ದರೆ ಕೂಡಿಸಿ ಮತ್ತೆ ಹಾಕಲು ಬರುತ್ತದೆ. ಕಟ್ಟಡ ಬಹಳ ಬದಲಾಗಿದೆ ಎಂದಿದ್ದರೆ ಅದನ್ನು ಒಪ್ಪಿಕೊಂಡು, ನಕ್ಷೆ ಮತ್ತು ಹಿರಿಯರ ಮಾತಿನ ಧ್ವನಿಮುದ್ರಣದ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡಿ. ಮೂಲ ಕಾಗದಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ಕಚೇರಿಗೂ ನಕಲೇ ಸಾಕು.